ಊಟದ ಹೊತ್ತು ಲೆಕ್ಕಕ್ಕಿಲ್ಲ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ವಾರಿಜಳೊಬ್ಬಳದೇ ಅಲ್ಲ. ಅವಳು ಇಡೀ ಊರನ್ನು ಒಂದು ಬೆಳಿಗ್ಗೆ ಚಿಕ್ಕವರನ್ನಾಗಿ ಮಾಡಿದಳು, ಆಮೇಲೊಂದು ಸಂಜೆ ಮತ್ತೆ ದೊಡ್ಡವರನ್ನಾಗಿ ಮಾಡಿದಳು, ಎರಡನೆಯದಕ್ಕೆ ಬೈಸಿಕೊಂಡಳು. ಪುರಸಭೆಯಲ್ಲಿ ಅವಳದು ಕಂಪ್ಯೂಟರ್, ನನ್ನದು ಟಪಾಲು ಮತ್ತು ಸಿಬ್ಬಂದಿಯ ರಜೆ. ಇಬ್ಬರ ಮೇಜಿಗೂ ನಡುವೆ ಒಂದು ನೀರಿನ ಹೂಜಿ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಅವಳೇ ಹೂಜಿಯ ಮೇಲಿಂದ ಹೇಳಿದ್ದು.

ನಮ್ಮೂರಲ್ಲಿ ತಾರೀಖು ಇರಲಿಲ್ಲ. ಸಂತೆಬೀದಿಯ ತುದಿಯಲ್ಲಿ ಒಂದು ಗೋಪುರವಿದೆ, ಅದರೊಳಗೆ ಆಳೆತ್ತರದ ಹಲ್ಲಿನ ಚಕ್ರವಿದೆ. ಒಂದು ಹಲ್ಲು ಸರಿದರೆ ಮೇಲಿನ ಹಲಗೆಯಲ್ಲಿ ಒಂದು ಅಂಕಿ ಏರುತ್ತದೆ. ಅದು ಸೊನ್ನೆಯಲ್ಲಿದ್ದದ್ದನ್ನು ಕಂಡವರು ಯಾರೂ ಉಳಿದಿಲ್ಲ. ನಾನು ಹೇಳುತ್ತಿರುವ ಕಾಲಕ್ಕೆ ಅದು ಮುನ್ನೂರ ಐವತ್ತು ಕೋಟಿ ದಾಟಿತ್ತು. ಮಗು ಹುಟ್ಟಿದರೆ ಹಲಗೆ ನೋಡಿ ಸಂಖ್ಯೆ ಬರೆಯುತ್ತಿದ್ದೆವು, ಸತ್ತರೂ ಅದೇ. ಲಗ್ನಪತ್ರಿಕೆಯಲ್ಲಿ ಮುಹೂರ್ತವೆಂದು ಹತ್ತಂಕಿ ಅಚ್ಚಾಗುತ್ತಿತ್ತು. ಹೋಟೆಲಿನಲ್ಲಿ ದೋಸೆ ಕೇಳಿದರೆ ಇನ್ನೂರು ಹಲ್ಲು ಕಾಯಿರಿ ಎನ್ನುತ್ತಿದ್ದರು, ನಾಲ್ಕುನೂರು ಕಾಯಿಸುತ್ತಿದ್ದರು.

ಚಕ್ರವನ್ನು ನೋಡಿಕೊಳ್ಳುವವನು ಗುರುಶಾಂತಪ್ಪ. ದಿನಾ ಬೆಳಿಗ್ಗೆ ಕೀಲಿ ಕೊಡುವುದು, ಎಣ್ಣೆ ಬಿಡುವುದು ಅವನ ಕೆಲಸ. ಮಧ್ಯಾಹ್ನ ಅವನ ಹೆಂಡತಿ ಹಾಲಮ್ಮ ಬುತ್ತಿ ಹೊತ್ತು ಮೆಟ್ಟಿಲು ಹತ್ತಿದ ಕೂಡಲೇ ಅವನು ಚಕ್ರದ ಹಲ್ಲಿಗೊಂದು ಮರದ ಬೆಣೆ ಕೊಡುತ್ತಿದ್ದ. ಸದ್ದು ನಿಲ್ಲುತ್ತಿತ್ತು, ಊರೆಲ್ಲ ಊಟಕ್ಕೆ ಕೂರುತ್ತಿತ್ತು. ಅವನು ಉಂಡು, ಅಲ್ಲೇ ಒಂದು ನಿದ್ದೆ ತೆಗೆದು, ಎದ್ದು ಬೆಣೆ ಕಿತ್ತ ಮೇಲೆ ಹಲಗೆ ನಿಂತಲ್ಲಿಂದಲೇ ಮುಂದಕ್ಕೆ ಹೋಗುತ್ತಿತ್ತು. ಅವನ ಹಿಂದಿನವರೂ ಹೀಗೇ ಮಾಡಿದ್ದರು. ಆದ್ದರಿಂದ ಊಟದ ಹೊತ್ತು ಹೊತ್ತಲ್ಲ. ಆಗ ಆಡಿದ ಮಾತು ಮಾತಲ್ಲ, ಕೊಟ್ಟ ಭಾಷೆ ಭಾಷೆಯಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಬೇರೆ ಕಡೆ ಹೇಳುತ್ತಾರಂತೆ. ನಮ್ಮಲ್ಲಿ ಜಗಳ ಶುರುವಾಗುತ್ತಿದ್ದುದೇ ಉಣ್ಣಲು ಕೂತಾಗ. ನಮ್ಮ ಮನೆಯಾಕೆಗೂ ನನಗೂ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಲೆಕ್ಕಕ್ಕೆ ಸಿಗುವ ಜಗಳ ಒಂದೂ ಇಲ್ಲ.

ವರ್ಷ ಎಂದೆನಲ್ಲ, ಅದಕ್ಕೆ ಮೊಳೆ ಇತ್ತು. ಮಗು ಹುಟ್ಟಿದ ಮೇಲೆ ಪ್ರತಿ ಸುಗ್ಗಿಗೂ ತಾಯಿ ಮನೆಯ ತೊಲೆಗೆ ಅದರ ಹೆಸರಿನಲ್ಲಿ ಒಂದು ಮೊಳೆ ಹೊಡೆಯುತ್ತಿದ್ದಳು. ತಾಯಿಯ ನಂತರ ಹೆಂಡತಿಯೋ ಗಂಡನೋ ಹೊಡೆಯುತ್ತಿದ್ದರು. ಅರವತ್ತು ಮೊಳೆಯಾದವರು ಕೆಲಸ ಬಿಡಬೇಕು. ಗುರುಶಾಂತಪ್ಪನಿಗೆ ಐವತ್ತೊಂಬತ್ತಾಗಿತ್ತು. ಮುಂದಿನ ಸುಗ್ಗಿಯ ಮೊಳೆಯನ್ನು ಹಾಲಮ್ಮ ಆಗಲೇ ಕೊಂಡು ತಂದು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿರುಗುತ್ತಿದ್ದಳು. ಅವಳಿಗೆ ಸಮುದ್ರ ನೋಡಬೇಕಿತ್ತು. ಮದುವೆಯಾದ ಹೊಸದರಲ್ಲಿ ಅವನು ತೋರಿಸುತ್ತೇನೆ ಎಂದಿದ್ದ. ಅದನ್ನು ಊಟದ ಹೊತ್ತಿನಲ್ಲಿ ಹೇಳಿದ್ದನಾದ್ದರಿಂದ, ಅವಳು ಬೆಣೆ ಕೀಳಿಸಿ ಮತ್ತೊಮ್ಮೆ ಹೇಳಿಸಿಕೊಂಡಿದ್ದಳು. ಆದರೆ ದಿನಾ ಕೀಲಿ ಕೊಡಬೇಕಾದ ಚಕ್ರವನ್ನು ಬಿಟ್ಟು ಎಲ್ಲಿಗೆ ಹೋಗುವುದು? ಮೂವತ್ತೆಂಟು ವರ್ಷ ಅವನು ಒಂದು ದಿನವೂ ರಜೆ ಹಾಕಲಿಲ್ಲ. ಅಂಥವನಿಗೆ ಕೊನೆಗೆ ನಿವೃತ್ತಿಗೆ ಒಂದೂವರೆ ತಿಂಗಳು ಉಳಿದಿತ್ತು, ಬಸ್ಸಿನಲ್ಲಿ ಎರಡು ಸೀಟೂ ಕಾದಿರಿಸಿಯಾಗಿತ್ತು.

ಆಗ ಬಂತು ಜಿಲ್ಲಾ ಕಚೇರಿಯ ಕಾಗದ. ಎಂಟು ವರ್ಷದ ಹಿಂದೆ ನಮ್ಮ ಜನನ ಮರಣದ ಪುಸ್ತಕಗಳನ್ನೆಲ್ಲ ವಾರಿಜ ಕಂಪ್ಯೂಟರಿಗೆ ಹತ್ತಿಸಿದ್ದಳು, ಇದ್ದ ಸಂಖ್ಯೆಗಳನ್ನು ಇದ್ದ ಹಾಗೆಯೇ. ಈಗ ಜಿಲ್ಲೆಯವರು ಅದನ್ನು ತರಿಸಿ ನೋಡಿ ತಲೆ ಕೆಡಿಸಿಕೊಂಡಿದ್ದರು. ಅಲ್ಲಿನ ಯಾರೋ ಗುಮಾಸ್ತ ಒಬ್ಬರ ಜನನ ಸಂಖ್ಯೆಗೆ ಫೋನ್ ಮಾಡಿ, ಎತ್ತುತ್ತಿಲ್ಲ ಎಂದು ಪಕ್ಕದಲ್ಲಿ ಷರಾ ಬರೆದಿದ್ದ. ಹದಿನೈದು ದಿನದೊಳಗೆ ಎಲ್ಲ ಸಂಖ್ಯೆಗಳನ್ನೂ ಮನುಷ್ಯರು ಓದುವಂಥ ದಿನ, ತಿಂಗಳು, ವರ್ಷಕ್ಕೆ ಬದಲಾಯಿಸತಕ್ಕದ್ದು ಎಂದು ಕೆಳಗೆ ಆದೇಶ.

ವಾರಿಜ ಹೆದರುವ ಹುಡುಗಿಯಲ್ಲ. ನಮ್ಮ ಒಂದು ಹಲ್ಲು ಹೊರಗಿನವರ ಒಂದು ಸೆಕೆಂಡಿಗೆ ಸರಿಯಾಗಿದೆ ಎಂದು ಅರ್ಧ ದಿನದಲ್ಲಿ ಪತ್ತೆ ಮಾಡಿದಳು. ದಿನಕ್ಕೆ ಎಂಬತ್ತಾರು ಸಾವಿರದ ನಾಲ್ಕುನೂರು ಸೆಕೆಂಡು ಎಂದು ಕಂಪ್ಯೂಟರಿಗೆ ಅದಾಗಲೇ ಗೊತ್ತಿತ್ತು. ಇವತ್ತಿನ ತಾರೀಖು ಪರದೆಯ ಮೂಲೆಯಲ್ಲೇ ಇತ್ತು, ನಾವು ಯಾರೂ ಆ ಕಡೆ ಕಣ್ಣು ಹಾಯಿಸಿರಲಿಲ್ಲ ಅಷ್ಟೇ. ಗೋಪುರದ ಇವತ್ತಿನ ಸಂಖ್ಯೆಯಿಂದ ಹುಟ್ಟಿದ ಸಂಖ್ಯೆ ಕಳೆ, ಬಂದದ್ದನ್ನು ದಿನ ಮಾಡು, ಅಷ್ಟು ದಿನ ಹಿಂದಕ್ಕೆ ಹೋಗು. ಒಂದೇ ಸಾಲಿನ ಲೆಕ್ಕ. ಮೊದಲು ತನ್ನ ಹೆಸರಿನ ಮೇಲೆಯೇ ಪ್ರಯೋಗ ಮಾಡಿದಳು. ತೊಲೆಯಲ್ಲಿ ಅವಳಿಗೆ ಮೂವತ್ತನಾಲ್ಕು ಮೊಳೆ. ಕಂಪ್ಯೂಟರು ಮೂವತ್ತೊಂದು ವರ್ಷ ಹತ್ತು ತಿಂಗಳು ಎಂದಿತು.

ಇಲ್ಲಿ ಅವಳು ನಿಲ್ಲಬೇಕಿತ್ತು, ನಿಜ. ಆದರೆ ಜಿಲ್ಲಾ ಕಚೇರಿಯಲ್ಲಿ ಕಂಪ್ಯೂಟರ್ ಮೇಲ್ವಿಚಾರಕರ ಹುದ್ದೆಗೆ ಅರ್ಜಿ ಕರೆದಿದ್ದರು, ವಯಸ್ಸಿನ ಮಿತಿ ಮೂವತ್ತೆರಡು. ಎರಡು ವರ್ಷದಿಂದ ಅದು ತಪ್ಪಿತೆಂದು ಕೊರಗುತ್ತಿದ್ದವಳು, ಅಮ್ಮ ಯಾವುದೋ ವರ್ಷ ಎರಡೆರಡು ಮೊಳೆ ಹೊಡೆದಿರಬೇಕು ಎಂದುಕೊಂಡು ಗುಂಡಿ ಒತ್ತಿಯೇಬಿಟ್ಟಳು. ಹನ್ನೊಂದು ಸಾವಿರ ಚಿಲ್ಲರೆ ಜನರ ಹುಟ್ಟಿದ ದಿನ ಸಾಲುಸಾಲಾಗಿ ಪರದೆಯ ಮೇಲೆ ಇಳಿಯಿತು.

ಮರುದಿನ ಪುರಸಭೆಯ ಮುಂದೆ ಸರದಿ ನಿಂತಿತು. ಎಲ್ಲರೂ ಚಿಕ್ಕವರಾಗಿದ್ದರು. ನಲವತ್ತೆಂಟರವರು ನಲವತ್ತೈದು, ಅರವತ್ತನಾಲ್ಕರವರು ಅರವತ್ತು. ಪ್ರಮಾಣಪತ್ರ ಹಿಡಿದುಕೊಂಡು ಮನೆಗೆ ಹೋದವರು ಹೆಚ್ಚಿನ ಮೊಳೆಗಳನ್ನು ಇಕ್ಕಳದಲ್ಲಿ ಕಿತ್ತರು. ಎರಡು ದಿನ ಊರಿನಲ್ಲಿ ಬೇರೆ ಸದ್ದೇ ಇಲ್ಲ. ಎಲ್ಲರೂ ತಮ್ಮ ತಮ್ಮ ತಾಯಂದಿರನ್ನು ಬೈದರು, ಎಣಿಸಲು ಬಾರದವಳು ಎಂದು. ನಮ್ಮ ಮುಖ್ಯಾಧಿಕಾರಿ ದೊರೆಸ್ವಾಮಿಯವರಿಗೆ ಐವತ್ತಾರು ಹೋಗಿ ಐವತ್ತೆರಡೂವರೆಯಾಯಿತು. ಅವರು ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದರು. ನನಗೂ ಮೂರು ವರ್ಷ ಉಳಿಯಿತು, ಸುಳ್ಳು ಯಾಕೆ ಹೇಳಲಿ, ನಾನೂ ಇಕ್ಕಳ ತಂದಿದ್ದೆ.

ಅಳುಮುಖ ಹಾಕಿಕೊಂಡು ಬಂದವನು ಗುರುಶಾಂತಪ್ಪ ಒಬ್ಬನೇ. ಬರುವ ಸುಗ್ಗಿಗೆ ಅವನಿಗೆ ಅರವತ್ತಲ್ಲ, ಐವತ್ತಾರು ತುಂಬಿ ಮೂರು ತಿಂಗಳು ಎಂದು ಕಾಗದ ಹೇಳುತ್ತಿತ್ತು. ಇನ್ನೂ ಮೂರು ಮುಕ್ಕಾಲು ವರ್ಷ ಗೋಪುರ ಹತ್ತಬೇಕು. ಅವನ ಹಿಂದೆಯೇ ಹಾಲಮ್ಮ ನಿಂತಿದ್ದಳು. ಅವಳು ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಆ ಮೊಳೆಯನ್ನು ವಾರಿಜಳ ಮೇಜಿನ ಮೇಲಿಟ್ಟು, “ಇದನ್ನ ನೀನೇ ಇಟ್ಕೊಳವ್ವಾ, ನನ್ನ ಮೊಣಕಾಲು ಅಲ್ಲೀವರ್ಗೂ ತಡೆಯಲ್ಲ” ಎಂದು ಹೇಳಿ ಹೋದಳು. ವಾರಿಜಳಿಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತಂತೆ. ಅವತ್ತು ಅವಳು ಬುತ್ತಿ ಬಿಚ್ಚಲಿಲ್ಲ. ಮೊಳೆಯನ್ನು ಕೈಯಲ್ಲಿ ಹೊರಳಿಸುತ್ತ ಕೂತಿದ್ದಳು.

ತಪ್ಪು ಎಲ್ಲಿದೆ ಎಂದು ಹುಡುಕಲು ಅವಳೇ ಗೋಪುರ ಹತ್ತಿದಳು. ಜಿಲ್ಲೆಯಿಂದ ತರಿಸಿದ ಸ್ಟಾಪ್‌ವಾಚ್ ಒಂದಿತ್ತು. ಬೆಳಗಿನಿಂದ ಅದನ್ನು ಹಿಡಿದು ಚಕ್ರದ ಮುಂದೆ ಕೂತಳು. ಹಲ್ಲಿಗೊಂದು ಸೆಕೆಂಡು, ಸೆಕೆಂಡಿಗೊಂದು ಹಲ್ಲು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಧ್ಯಾಹ್ನ ಹಾಲಮ್ಮ ಬಂದಳು, ಗುರುಶಾಂತಪ್ಪ ಬೆಣೆ ಕೊಟ್ಟ, ವಾರಿಜಳೂ ಸ್ಟಾಪ್‌ವಾಚ್ ನಿಲ್ಲಿಸಿ ಬುತ್ತಿ ಬಿಚ್ಚಿದಳು. ಊಟದ ಹೊತ್ತನ್ನು ಯಾರಾದರೂ ಅಳೆಯುತ್ತಾರೆಯೇ? ಅವನು ಎದ್ದು ಬೆಣೆ ಕಿತ್ತ ಮೇಲೆ ಇವಳೂ ಗುಂಡಿ ಒತ್ತಿ ಮುಂದುವರಿಸಿದಳು. ಸಂಜೆ ತಾಳೆ ನೋಡಿದರೆ ಎರಡೂ ಸರಿ. ಮೂರು ದಿನ ಹೀಗೆಯೇ ಅಳೆದಳು. ಗೋಪುರ ಸರಿ, ಕಂಪ್ಯೂಟರು ಸರಿ, ಲೆಕ್ಕ ಸರಿ, ಹಾಗಾದರೆ ತೊಲೆಯಲ್ಲಿರುವ ಮೊಳೆಗಳೇ ತಪ್ಪು ಎಂದು ನನಗೆ ಬಂದು ಹೇಳಿದಳು. ನಾನೂ ತಲೆಯಾಡಿಸಿದೆ. ಇಡೀ ಊರಿನಲ್ಲಿ ಇದರಲ್ಲೇನೋ ಐಬಿದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ, ಯಾಕೆಂದರೆ ಎಲ್ಲರೂ ಇದೇ ಊರಿನಲ್ಲಿ ಉಂಡು ಬೆಳೆದವರು.

ನಾಲ್ಕನೆಯ ದಿನ ಗುರುಶಾಂತಪ್ಪನಿಗೆ ಅದನ್ನು ಹೇಳಿ ಬರಲು ಹೋದಳು. ಜೊತೆಗಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ನಾವು ಹತ್ತುವಷ್ಟರಲ್ಲಿ ಬೆಣೆ ಬಿದ್ದು ಅವನು ಉಂಡು ಮಲಗಿಯಾಗಿತ್ತು. ಹಾಲಮ್ಮ ಎಂಜಲು ಪಾತ್ರೆ ಜೋಡಿಸಿಕೊಳ್ಳುತ್ತಿದ್ದಳು. ವಾರಿಜ ಅವಳಿಗೆ ಸಮಾಧಾನವಾಗಿ ಎಲ್ಲ ವಿವರಿಸಿದಳು: ಚಕ್ರ ಒಂದು ಹಲ್ಲೂ ತಪ್ಪಿಲ್ಲ, ಅಮ್ಮ. ಬೆಳಗಿನಿಂದ ಬೆಣೆಯ ತನಕ, ಬೆಣೆ ಕಿತ್ತಲ್ಲಿಂದ ಸಂಜೆಯ ತನಕ ಪೂರಾ ಅಳೆದಿದ್ದೇನೆ. ನಡುವೆ ಊಟದ ಹೊತ್ತು, ಅದು ಹೇಗೂ ಹೊತ್ತಲ್ಲ.

ಹಾಲಮ್ಮ ಪಾತ್ರೆಗಳನ್ನು ಕೆಳಗಿಟ್ಟಳು.

“ಅಲ್ಲ ಕಣವ್ವಾ, ಇವ್ರು ಉಂಡು ಮಲಗ್ತಾರೆ. ನಾನು ಆ ನೂರು ಮೆಟ್ಲು ಇಳ್ದು, ನೀರು ಸೇದಿ, ಇಷ್ಟೂ ಪಾತ್ರೆ ತಿಕ್ಕಿ, ಬೋರಲು ಹಾಕಿ, ಎಲೆ ಅಡಿಕೆ ಹಾಕ್ಕೊಂಡು, ಮತ್ತೆ ನೂರು ಮೆಟ್ಲು ಹತ್ತಿ ಬಂದು ಇವ್ರನ್ನ ಎಬ್ಬಿಸ್ತೀನಿ. ಮೂವತ್ತೆಂಟು ವರ್ಷದಿಂದ. ಹೊತ್ತೇ ಇರಲ್ಲ ಅಂದ್ರೆ ಇಷ್ಟು ಕೆಲ್ಸ ನಾನು ಯಾವುದ್ರಲ್ಲಿ ಮಾಡ್ದೆ?”

ವಾರಿಜ ಸ್ಟಾಪ್‌ವಾಚಿನ ಗುಂಡಿ ಒತ್ತಿ, ಹಾಲಮ್ಮನ ಹಿಂದೆ ಮೆಟ್ಟಿಲಿಳಿದಳು. ಬಾವಿಕಟ್ಟೆಯಲ್ಲಿ ಅವಳ ಜೊತೆ ಪಾತ್ರೆ ತಿಕ್ಕಿದಳು. ಇಂಥದೊಂದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ; ಊಟದ ಹೊತ್ತಿಗೆ ಸ್ಟಾಪ್‌ವಾಚು ಓಡುತ್ತಿದ್ದರೆ ಯಾರೋ ಬಾಗಿಲು ಹಾಕದೆ ಸ್ನಾನ ಮಾಡಿದ ಹಾಗೆ ಕಾಣುತ್ತಿತ್ತು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ನಮ್ಮ ಮನೆಯಾಕೆಯೂ ಇದೇ ಹೊತ್ತಿನಲ್ಲಿ, ನನ್ನ ಜೊತೆ ಜಗಳವಾಡುತ್ತಲೇ, ಪಾತ್ರೆ ತಿಕ್ಕುತ್ತಾಳೆ ಎಂಬುದು ಆಗ ನೆನಪಾಯಿತು. ನಾಚಿಕೆಯಾಯಿತು ಎಂದೇ ಹೇಳುತ್ತೇನೆ.

ಆ ದಿನ ಮೊದಲ ತುತ್ತು ತಪ್ಪಿದ್ದರಿಂದ ಅದನ್ನು ಬಿಟ್ಟು, ಮುಂದಿನ ಮೂರು ದಿನ ಬೆಣೆ ಬಿದ್ದಲ್ಲಿಂದ ಬೆಣೆ ಕೀಳುವ ತನಕ ಅಳೆದಳು. ಐದು ಸಾವಿರದ ಮುನ್ನೂರ ಎಂಬತ್ತು, ಐದು ಸಾವಿರದ ನಾಲ್ಕುನೂರ ಹನ್ನೆರಡು, ಐದು ಸಾವಿರದ ನಾಲ್ಕುನೂರ ಎಂಟು. ಸರಾಸರಿ ಐದು ಸಾವಿರದ ನಾಲ್ಕುನೂರು, ಅಂದರೆ ಒಂದೂವರೆ ಗಂಟೆ. ನಮ್ಮ ಚಕ್ರದ ಪ್ರಕಾರ ದಿನಕ್ಕೆ ಇದ್ದದ್ದು ಎಂಬತ್ತೊಂದು ಸಾವಿರ ಹಲ್ಲು ಮಾತ್ರ. ಹದಿನಾರರಲ್ಲಿ ಒಂದು ಪಾಲು ನಾವು ಉಂಡು ಮಲಗಿ ಕಳೆದಿದ್ದೆವು. ಅರವತ್ತು ವರ್ಷಕ್ಕೆ ಮೂರು ಮುಕ್ಕಾಲು. ಎಣಿಸಲು ಬಾರದವರು ನಮ್ಮ ತಾಯಂದಿರಲ್ಲ.

ಸುದ್ದಿ ಹರಡಿದ ಕೂಡಲೇ ಊರು ತಿರುಗಿಬಿತ್ತು. ಬಂದ ವಯಸ್ಸನ್ನು ಯಾರು ತಾನೇ ವಾಪಸು ಕೊಡುತ್ತಾರೆ? ಊಟದ ಹೊತ್ತು ಹೊತ್ತಲ್ಲ ಎಂಬುದು ಹಿರಿಯರ ಪದ್ಧತಿ, ಅದನ್ನು ಕೆದಕಬಾರದು ಎಂದು ನಾಲ್ಕುನೂರು ಜನ ಸಹಿ ಹಾಕಿ ಮನವಿ ಕೊಟ್ಟರು. ಒಬ್ಬ ಮುದುಕನಿಗಾಗಿ ಊರೆಲ್ಲ ಮುದುಕರಾಗಬೇಕೇ ಎಂದು ಹೋಟೆಲಿನಲ್ಲಿ ಕೇಳಿದರು. ಕೇಳಿದವನು ಗುರುಶಾಂತಪ್ಪನಿಗಿಂತ ಎರಡು ಮೊಳೆ ದೊಡ್ಡವನು. ಗುರುಶಾಂತಪ್ಪ ಮಾತ್ರ ಪಾಪ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಎಲ್ಲಕ್ಕೂ ತನ್ನ ನಿದ್ದೆಯೇ ಕಾರಣ ಎಂದು ಕಂಡಕಂಡವರಿಗೆ ಕೈಮುಗಿಯುತ್ತ ತಿರುಗಿದ.

ವಾರಿಜ ಲೆಕ್ಕ ತಿದ್ದಲು ಅನುಮತಿ ಕೇಳಿ ದೊರೆಸ್ವಾಮಿಯವರ ಮುಂದೆ ಹೋದಳು. ಅವರು ಬಣ್ಣದ ಮೀಸೆಯ ಮೇಲೆ ಬೆರಳಾಡಿಸುತ್ತ, ಊಟದ ಹೊತ್ತು ಇತ್ತು ಎನ್ನುವುದಕ್ಕೆ ದಾಖಲೆ ಏನಿದೆ ಎಂದರು. ಮೊಳೆ ದಾಖಲೆಯಲ್ಲ, ಪಾತ್ರೆ ದಾಖಲೆಯಲ್ಲ, ಮೂರು ದಿನದ ಸ್ಟಾಪ್‌ವಾಚು ನೂರು ವರ್ಷಕ್ಕೆ ಸಾಲದು. ಇಷ್ಟಕ್ಕೇ ಬಿಡಲಿಲ್ಲ. “ಇತ್ತು ಅಂತಲೇ ಇಟ್ಕೋಮ್ಮ. ಹಾಗಾದ್ರೆ ಅವನು ಮೂವತ್ತೆಂಟು ವರ್ಷ ಡ್ಯೂಟಿ ಮೇಲೆ ನಿದ್ದೆ ಮಾಡಿದ ಹಾಗಾಯ್ತು. ನಿವೃತ್ತಿ ಅಲ್ಲ, ನೋಟೀಸು ಕೊಡ್ಬೇಕಾಗುತ್ತೆ,” ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಹೊತ್ತು ಇರಲಿಲ್ಲ ಎಂದರೆ ಗುರುಶಾಂತಪ್ಪ ಮೂರು ಮುಕ್ಕಾಲು ವರ್ಷ ದುಡಿಯಬೇಕು, ಇತ್ತು ಎಂದರೆ ಕಳ್ಳನಾಗಿ ಮನೆಗೆ ಹೋಗಬೇಕು. ವಾರಿಜ ಬಂದು ಕುರ್ಚಿಯಲ್ಲಿ ಕುಕ್ಕರಿಸಿ ಅತ್ತಳು. ನನ್ನಿಂದಲೇ ಆದದ್ದು, ನನ್ನ ಅರ್ಜಿಯ ಆಸೆಗೆ ಕಣ್ಣು ಮುಚ್ಚಿಕೊಂಡೆ ಎಂದಳು.

ನಾನು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟೆ. ಕೊಡುವಾಗ ನನ್ನ ಕಣ್ಣು ನನ್ನದೇ ಮೇಜಿನ ಮೇಲಿದ್ದ ರಜೆ ಪುಸ್ತಕದ ಮೇಲೆ ಬಿತ್ತು. ಇಪ್ಪತ್ತು ವರ್ಷದಿಂದ ಬೆನ್ನು ಬಗ್ಗಿಸಿ ಬರೆದ ಪುಸ್ತಕ, ಯಾರಿಗೂ ಅದರಿಂದ ಉಪಕಾರವಾದದ್ದು ನನಗೆ ನೆನಪಿಲ್ಲ. ಗುರುಶಾಂತಪ್ಪನ ಪುಟ ತೆರೆದೆ. ಬೋಳು ಪುಟ. ವರ್ಷಕ್ಕೆ ಮೂವತ್ತು ದಿನದಂತೆ ಮೂವತ್ತೆಂಟು ವರ್ಷಕ್ಕೆ ಸಾವಿರದ ನೂರ ನಲವತ್ತು ದಿನದ ಗಳಿಕೆ ರಜೆ ಅವನ ಹೆಸರಿನಲ್ಲಿ ಬಿದ್ದಿತ್ತು. ಅವನು ಮಲಗಿದ್ದನ್ನೆಲ್ಲ ಒಟ್ಟು ಮಾಡಿದರೆ ವಾರಿಜಳ ಲೆಕ್ಕಕ್ಕೆ ಎಂಟುನೂರ ಅರವತ್ತೇಳು ದಿನ. ಕಳೆದರೂ ಇನ್ನೂರ ಎಪ್ಪತ್ತಮೂರು ಉಳಿಯುತ್ತಿತ್ತು. ಕೂತಲ್ಲೇ ಅವನ ಹೆಸರಿನಲ್ಲಿ ಅರ್ಜಿ ಬರೆದೆ: ಸೇವೆಗೆ ಸೇರಿದಂದಿನಿಂದ ಇಂದಿನವರೆಗೆ ಪ್ರತಿದಿನ ಒಂದೂವರೆ ಗಂಟೆಯ ರಜೆಯನ್ನು ಮಂಜೂರು ಮಾಡಿಕೊಡಬೇಕಾಗಿ ವಿನಂತಿ. ಓಡಿಹೋಗಿ ಸಹಿ ಹಾಕಿಸಿಕೊಂಡು ಬಂದು ದೊರೆಸ್ವಾಮಿಯವರ ಮುಂದಿಟ್ಟೆ.

ಅವರು ಎರಡು ಸಲ ಓದಿದರು. ದಡ್ಡರಲ್ಲ. ಇಲ್ಲದ ಹೊತ್ತಿಗೆ ಸರಕಾರ ರಜೆ ಕೊಡಲು ಬರುವುದಿಲ್ಲ. ಸಹಿ ಬಿದ್ದರೆ ಊಟದ ಹೊತ್ತು ಇತ್ತು ಎಂಬುದಕ್ಕೆ ಸರಕಾರದ್ದೇ ದಾಖಲೆಯಾಗುತ್ತದೆ, ತಮಗೆ ಮತ್ತೆ ಐವತ್ತಾರಾಗುತ್ತದೆ. ಸಿಕ್ಕ ಮೂರೂವರೆ ವರ್ಷದ ನೌಕರಿ ಹೋಗುತ್ತದೆ. ಅವನ ಹಿಂದಿನವರ ನಿದ್ದೆಯ ಗತಿಯೇನು ಎಂದು ಕೊನೆಯ ಪ್ರಯತ್ನ ಮಾಡಿದರು. ಅವರೆಲ್ಲ ಸತ್ತಿದ್ದಾರೆ ಸಾರ್, ಸತ್ತವರ ಮೇಲೆ ಇಲಾಖಾ ವಿಚಾರಣೆ ನಡೆಸುವ ಹಾಗಿಲ್ಲ ಎಂದೆ. ಅವರು ರಜೆ ಪುಸ್ತಕವನ್ನು ಹತ್ತಿರಕ್ಕೆಳೆದು ಆ ಬೋಳು ಪುಟವನ್ನು ಬಹಳ ಹೊತ್ತು ನೋಡಿದರು.

“ಒಂದು ದಿನಾನೂ ಹಾಕಿಲ್ವೇನಯ್ಯ?”

“ಇಲ್ಲ ಸಾರ್. ಅವ್ರು ಹೋದ್ರೆ ಕೀಲಿ ಕೊಡೋರು ಯಾರು?”

ಅವರಿಗೆ ಊರಿನ ಮೇಲೆ ಮಮತೆಯಿತ್ತೋ ಇಲ್ಲವೋ ನಾನರಿಯೆ, ನಿಯಮದ ಮೇಲೆ ಮಾತ್ರ ಪ್ರಾಣ. ಬಾಕಿ ಇರುವ ರಜೆಯನ್ನು ಕೊಡದೆ ಇರಲು ನಿಯಮದಲ್ಲಿ ಜಾಗವಿರಲಿಲ್ಲ. ಮಂಜೂರಾಗಿದೆ ಎಂದು ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಅವತ್ತು ಬೇಗ ಮನೆಗೆ ಹೋದರು. ಮರುದಿನದಿಂದ ಮೀಸೆ ಬೆಳ್ಳಗಿತ್ತು.

ವಾರಿಜ ಬದಲಾಯಿಸಬೇಕಾದದ್ದು ಒಂದೇ ಒಂದು ಸಂಖ್ಯೆ. ಎಂಬತ್ತಾರು ಸಾವಿರದ ನಾಲ್ಕುನೂರನ್ನು ಅಳಿಸಿ ಎಂಬತ್ತೊಂದು ಸಾವಿರ ಎಂದು ಬರೆದಳು. ಗುಂಡಿಯ ಮೇಲೆ ಬೆರಳಿಟ್ಟಳು. ಜಿಲ್ಲಾ ಕಚೇರಿಯ ಅರ್ಜಿ ತುಂಬಿ, ಫೋಟೋ ಅಂಟಿಸಿ, ಅವಳ ಮೇಜಿನ ಮೇಲೇ ಇತ್ತು. ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಡಚಿ ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ಕೊಟ್ಟು, ಗುಂಡಿ ಒತ್ತಿದಳು. ಮೂವತ್ತನಾಲ್ಕಾದಳು. ನಾನು ಐವತ್ತೊಂದಾದೆ. ಆ ವಾರವೆಲ್ಲ ಮನೆಮನೆಯಲ್ಲೂ ಮೊಳೆ ಹೊಡೆಯುವ ಸದ್ದು, ಒಂದೊಂದು ಏಟಿಗೂ ನಮ್ಮಿಬ್ಬರ ಹೆಸರು ಹಿಡಿದು ಬೈಗುಳ.

ಸುಗ್ಗಿಗೆ ಹಾಲಮ್ಮ ತನ್ನ ಮೊಳೆಯನ್ನು ವಾರಿಜಳಿಂದ ವಾಪಸು ಇಸಿದುಕೊಂಡು ಅರವತ್ತನೆಯದಾಗಿ ಹೊಡೆದಳು. ಹೊಡೆದ ಕೈಯಲ್ಲೇ ಬುತ್ತಿ ಕಟ್ಟಿ, ಗಂಡನನ್ನು ಮುಂದೆ ಬಿಟ್ಟುಕೊಂಡು ಬಸ್ಸು ಹತ್ತಿದಳು. ಬಸ್ಸು ಹೊರಟಿದ್ದು ಮಧ್ಯಾಹ್ನಕ್ಕೆ ಸರಿಯಾಗಿ. ಚಕ್ರಕ್ಕೆ ಈಗ ವಿದ್ಯುತ್ ಹಾಕಿಸಿದ್ದರು, ಬೆಣೆ ಕೊಡುವವರಿಲ್ಲ. ಎಲೆ ಮುಂದೆ ಕೂತ ಜನರಿಗೆ ತಲೆಯ ಮೇಲೆ ಹಲ್ಲಿನ ಸದ್ದು ನಿಲ್ಲದೆ ಕೇಳುತ್ತಿತ್ತು. ನಮ್ಮ ಮನೆಯಾಕೆ ಜಗಳಕ್ಕೆಂದು ಬಾಯಿ ತೆರೆದವಳು, ಸದ್ದು ಕೇಳಿ ತಡೆದು, ಉಪ್ಪು ಬೇಕೇ ಎಂದಳು. ಉಂಡ ಮೇಲೆ ನಾನೂ ಹೋಗಿ ಎರಡು ತಟ್ಟೆ ತೊಳೆದೆ. ಸರಿಯಾಗಿ ತೊಳೆದಿಲ್ಲ ಎಂದು ಜಗಳ ಬಂತು, ಅದು ಲೆಕ್ಕಕ್ಕೂ ಬಂತು.

ಹತ್ತು ದಿನದ ನಂತರ ಟಪಾಲಿನಲ್ಲಿ ವಾರಿಜಳ ಹೆಸರಿಗೆ ಒಂದು ಕಾರ್ಡು ಬಂತು. ಮೇಲ್ಗಡೆ ಗುಂಡಗಿನ ಅಕ್ಷರದಲ್ಲಿ ದಿನ, ತಿಂಗಳು, ವರ್ಷ ಬರೆದಿತ್ತು, ಅದರ ಪಕ್ಕದಲ್ಲಿ ಮಧ್ಯಾಹ್ನ ಒಂದು ಗಂಟೆ ಎಂದು. ಆವಕ ಪುಸ್ತಕದಲ್ಲಿ ಅದನ್ನೆಲ್ಲ ಇದ್ದ ಹಾಗೆ ನಮೂದಿಸಿದೆ. ಊಟದ ಹೊತ್ತಿನದೆಂದು ಆ ಪುಸ್ತಕದಲ್ಲಿ ಬಿದ್ದ ಮೊದಲ ಸಾಲು ಅದು. ಆಮೇಲೆ ಕಾರ್ಡನ್ನು ಹೂಜಿಯ ಮೇಲಿಂದ ಅವಳಿಗೆ ಕೊಟ್ಟೆ. ಅವಳು ನನಗೂ ಕೇಳಲಿ ಎಂದು ಗಟ್ಟಿಯಾಗಿಯೇ ಓದಿದಳು.

“ಚಿರಂಜೀವಿ ವಾರಿಜಳಿಗೆ ಹಾಲಮ್ಮ ಮಾಡುವ ಆಶೀರ್ವಾದ. ನಾವು ಕ್ಷೇಮ. ಸಮುದ್ರ ನೋಡಿದೆವು. ನಮ್ಮ ಯಜಮಾನರು ಉಂಡು ಮರಳ ಮೇಲೆ ಮಲಗಿದ್ದಾರೆ, ಅದನ್ನು ಅವರು ಬಿಡುವುದಿಲ್ಲ. ಇಲ್ಲಿ ಎಲೆಯಲ್ಲಿ ಉಂಡೆವು, ತಿಕ್ಕಲು ಪಾತ್ರೆ ಇಲ್ಲ. ಒಂದೂವರೆ ಗಂಟೆ ನಾನು ಸುಮ್ಮನೆ ಕೂತು ನೀರು ನೋಡುತ್ತಿದ್ದೇನೆ. ಇದನ್ನು ನನ್ನ ಹೆಸರಿನಲ್ಲಿ ಬರೆದುಕೊಳ್ಳಿ.”